ಮರು: ಗರ್ಭಕೋಶದ ಬಾಯಿಯ ಜೀವಕೋಶಗಳಲ್ಲಿರುವ ಗ್ಲೈಕೋಜನ್‌ಗೆ ಕನ್ನಡ ಪದ (ತುರ್ತು)

> ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಕರಪತ್ರ ಮಾಡುತ್ತಿದ್ದೇವೆ. ಅಯೋಡಿನ್ ಹಚ್ಚಿದಾಗ ಬಣ್ಣ ಯಾಕೆ ಬರುತ್ತದೆ ಅಂತ ಹೇಳಬೇಕು. ಗ್ಲೈಕೋಜನ್‌ಗೆ ಏನನ್ನಲಿ? ನಾಳೆ ಪ್ರೆಸ್‌ಗೆ ಹೋಗಬೇಕು.

>> ‘ಪಿಷ್ಟ’ ಸಾಕು. ‘ಪ್ರಾಣಿಪಿಷ್ಟ’ ಅಂತ ಹಿಂದೆಯೇ ಅನ್ನುತ್ತಿದ್ದರು.

>> ‘ಸಿಹಿಹುಟ್ಟುಕ’ ಅನ್ನಿ. ಗ್ರೀಕ್ ಪದಕ್ಕೆ ನಮ್ಮ ಲಿಪಿ ತೊಡಿಸಿದರೆ ಕನ್ನಡ ಆಗುವುದಿಲ್ಲ.

ಎರಡೂ ಬೇಡ.

‘ಪಿಷ್ಟ’ ತಪ್ಪೇ ತಪ್ಪು. ಪಿಷ್ಟ, ಗ್ಲೈಕೋಜನ್ ಎರಡೂ ಗ್ಲೂಕೋಸ್ ಸರಪಳಿಗಳೇ, ನಿಜ. ಆದರೆ ಗ್ಲೈಕೋಜನ್‌ಗೆ ಕವಲು ಜಾಸ್ತಿ, ಅದರ ಕಣದ ನಡುವೆ ಗ್ಲೈಕೋಜೆನಿನ್ ಎಂಬ ಪ್ರೋಟೀನ್ ಇರುತ್ತದೆ. ಅಯೋಡಿನ್ ಬಿದ್ದ ಕೂಡಲೇ ವ್ಯತ್ಯಾಸ ಕಾಣುತ್ತದೆ. ಆಲೂಗಡ್ಡೆಯ ಮೇಲೆ ನೀಲಿ-ಕಪ್ಪು, ಇಲ್ಲಿ ಕಡು ಕಂದು. ಶಾಲೆಯಲ್ಲಿ ಪಿಷ್ಟದ ಪರೀಕ್ಷೆ ಮಾಡಿದವರು ನೀಲಿಯನ್ನೇ ನಿರೀಕ್ಷಿಸುತ್ತಾರೆ, ಅಲ್ವಾ? ಕರಪತ್ರ ಇರುವುದೇ ಬಣ್ಣದ ಬಗ್ಗೆ!

‘ಸಿಹಿಹುಟ್ಟುಕ’ ಇನ್ನೂ ಕೆಟ್ಟದ್ದು. ಫ್ರೆಂಚ್ ವಿಜ್ಞಾನಿ ಕ್ಲೋಡ್ ಬರ್ನಾರ್ಡ್ 1857ರಲ್ಲಿ ‘ಸಿಹಿ ಹುಟ್ಟಿಸುವುದು’ ಎಂಬ ಅರ್ಥದ ಗ್ಲೈಕೋಜನ್ ಹೆಸರು ಕೊಟ್ಟದ್ದು ಲಿವರ್ ನೋಡಿ. ಅಲ್ಲಿ ಅದು ಒಡೆದು ರಕ್ತಕ್ಕೆ ಸಕ್ಕರೆ ಸೇರುತ್ತದೆ. ಯೋನಿಯ ಒಳಪದರದಲ್ಲಿ ಹಾಗಲ್ಲ. ಉದುರಿದ ಜೀವಕೋಶಗಳ ಗ್ಲೈಕೋಜನ್ ಒಡೆದು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅದರಿಂದ ಸೋಂಕು ದೂರ ಇರುತ್ತದೆ. ಕೊನೆಗೆ ಹುಟ್ಟುವುದು ಹುಳಿ, ಸಿಹಿಯಲ್ಲ. ಮೇಲಾಗಿ ಸಿಹಿ, ಸಕ್ಕರೆ ಅಂತ ಓದಿದ ಹೆಂಗಸರು ‘ನನಗೆ ಶುಗರ್ ಇದೆಯಾ’ ಅಂತ ಸುಮ್ನೆ ಹೆದರುತ್ತಾರೆ.

ಕನ್ನಡದ ಬೇರು ಬೇಕು ಅನ್ನುವವರಿಗೆ ಒಂದು ಮಾತು. ‘ಸಕ್ಕರೆ’ ಪ್ರಾಕೃತದಿಂದ ಬಂದದ್ದು. ಅದನ್ನು ಯಾರೂ ಹೊರಗೆ ಹಾಕಿಲ್ಲ. ಅದೇ ಕರಪತ್ರದಲ್ಲಿ ಕ್ಯಾನ್ಸರ್, ಅಯೋಡಿನ್ ಎರಡೂ ಹಾಗೇ ಇರಬಹುದು, ಗ್ಲೈಕೋಜನ್ ಮಾತ್ರ ಇರಬಾರದು ಅಂದರೆ ಅದು ಯಾವ ನಿಯಮ?

ಹೀಗೆ ಹಾಕಿ: “ಗರ್ಭಕೋಶದ ಬಾಯಿಯ ಹೊರಪದರದ ಆರೋಗ್ಯವಂತ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ವಸ್ತು ತುಂಬಿರುತ್ತದೆ. ಅಯೋಡಿನ್ ಹಚ್ಚಿದರೆ ಆ ಜಾಗ ಕಡು ಕಂದಾಗುತ್ತದೆ. ಗ್ಲೈಕೋಜನ್ ಕಡಿಮೆ ಇದ್ದ ಕಡೆ ಹಳದಿ ಕಾಣುತ್ತದೆ.”

 ಇನ್ನೊಂದು ಸಾಲು ಖಂಡಿತ ಬೇಕು: “ಹಳದಿ ಕಂಡರೆ ಕ್ಯಾನ್ಸರ್ ಎಂದೇ ಅರ್ಥವಲ್ಲ.” ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು ಗ್ಲೈಕೋಜನ್ ಕೂಡ ಕಡಿಮೆಯಾಗುತ್ತದೆ. ಕಾಯಿಲೆ ಇಲ್ಲದಿದ್ದರೂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.