ಅಪ್‌ಡೇಟ್: ಕಣ್ಣಿನ ಪ್ರೆಶರ್ 15, ಆದ್ರೂ ಅಪ್ಪನಿಗೆ ಗ್ಲಾಕೋಮಾ

ಪ್ರೆಶರ್ ನಾರ್ಮಲ್ ಅನ್ನೋ 21ರ ಒಳಗೇ ಇದ್ರೂ ಅಪ್ಪನ ಕಣ್ಣಿನ ನರ ಯಾಕೆ ಹಾಳಾಗ್ತಿದೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಮೂಡಿಗೆರೆಯಿಂದ ಹಾಸನಕ್ಕೆ ಎರಡು ಸಲ ಹೋಗಿಬಂದ್ವಿ. ಕಾಫಿ ಕೊಯ್ಲಿನ ಟೈಮಲ್ಲಿ ಅಪ್ಪನನ್ನ ತೋಟ ಬಿಡಿಸೋದೇ ಒಂದು ಸಾಹಸ!

ನಾರ್ಮಲ್ ಟೆನ್ಷನ್ ಗ್ಲಾಕೋಮಾ ಅಂತೆ, ಅಂದ್ರೆ ಕಣ್ಣಿನ ಪ್ರೆಶರ್ ನಾರ್ಮಲ್ ಇದ್ರೂ ನರ ಹಾಳಾಗೋದು. ಡಾಕ್ಟ್ರು ಮೊದಲು ಕೇಳಿದ್ದೇ, "ಬಿಪಿ ಮಾತ್ರೆ ಯಾವಾಗ ತಗೋತೀರಿ ಯಜಮಾನ್ರೇ?" ರಾತ್ರಿ ಊಟ ಆದ್ಮೇಲೆ. ನರಕ್ಕೆ ರಕ್ತ ತಳ್ಳೋದು ಬಿಪಿ, ಅದಕ್ಕೆ ಎದುರು ನಿಲ್ಲೋದು ಕಣ್ಣೊಳಗಿನ ಪ್ರೆಶರ್. ನಿದ್ದೆಯಲ್ಲಿ ಸಾಮಾನ್ಯವಾಗಿ ಬಿಪಿ ಇಳಿಯುತ್ತೆ, ಮಲಗಿದಾಗ ಕಣ್ಣಿನ ಪ್ರೆಶರ್ ಏರುತ್ತೆ. ಅದರ ಮೇಲೆ ಮಾತ್ರೆ ಬೇರೆ. ಅಪ್ಪನಿಗೆ ತಕ್ಷಣ ಅರ್ಥ ಆಯ್ತು: "ಪಂಪು ಸೋತ್ರೆ ಲೈನಿನ ಕೊನೇ ಸ್ಪ್ರಿಂಕ್ಲರ್ ತಿರುಗಲ್ಲ, ಅಷ್ಟೇ ತಾನೆ?"

24 ಗಂಟೆ ಬಿಪಿ ಮಿಷನ್ ಕಟ್ಟಿ ನೋಡಿದ್ರೆ ಬೆಳಗಿನ ಜಾವ ಮೂರಕ್ಕೆ 92/54. ಫಿಸಿಷಿಯನ್ ಮಾತ್ರೆನ ಬೆಳಿಗ್ಗೆಗೆ ಬದಲಾಯಿಸಿದ್ರು. (ನೀವಾಗೇ ಮಾಡ್ಕೋಬೇಡಿ, ನಮಗೂ ಅದನ್ನೇ ಬೈದು ಹೇಳಿದ್ರು.)

ಆದ್ರೆ ಎಲ್ಲ ತಪ್ಪೂ ರಕ್ತದ್ದೇ ಅಂತ ನಾನಂದುಕೊಂಡಿದ್ದು ಸರಿಯಲ್ಲ. ನರದ ಎಳೆಗಳು ಸತ್ತ ಮೇಲೆ ಅಲ್ಲಿಗೆ ರಕ್ತದ ಅಗತ್ಯವೂ ಕಮ್ಮಿಯಾಗುತ್ತಂತೆ. ಹಾಗಾಗಿ ಸ್ಕ್ಯಾನ್‌ನಲ್ಲಿ ರಕ್ತ ಕಮ್ಮಿ ಕಂಡ್ರೂ, ರಕ್ತ ಕಮ್ಮಿಯಾಗಿದ್ದು ಮೊದಲಾ ನರ ಸತ್ತಿದ್ದು ಮೊದಲಾ ಅಂತ ಅದೊಂದರಿಂದಲೇ ಹೇಳೋಕಾಗಲ್ಲ. ಚಿಕಿತ್ಸೆ ಮಾತ್ರ ಹಳೇದೇ, ಕಣ್ಣಿನ ಪ್ರೆಶರ್ ಇಳಿಸೋ ಡ್ರಾಪ್ಸ್. ಇಂಥ ಗ್ಲಾಕೋಮಾದಲ್ಲೂ ಪ್ರೆಶರ್ 30% ಇಳಿಸಿದ್ರೆ ಹಾನಿ ನಿಧಾನವಾಗುತ್ತೆ ಅಂತ 1998ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಅಪ್ಪನ ಗುರಿ ಈಗ 10ರ ಆಸುಪಾಸು.

ಹೋದ ದೃಷ್ಟಿ ವಾಪಸ್ ಬರಲ್ಲ. ಮುಂದಿನ ಫೀಲ್ಡ್ ಟೆಸ್ಟ್ (ಸುತ್ತಲೂ ಎಷ್ಟು ಕಾಣುತ್ತೆ ಅಂತ ನೋಡೋ ಪರೀಕ್ಷೆ) ನಾಲ್ಕು ತಿಂಗಳಿಗೆ.