ಲಾ ಫರ್ಮ್ ಸಂದರ್ಶನದಲ್ಲಿ ವಾಣಿಜ್ಯ ವಿಷಯದ ಚರ್ಚೆ: ಬೈಜೂಸ್ ಪ್ರಕರಣಕ್ಕೆ ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಹುಬ್ಬಳ್ಳಿಯ ಕಾನೂನು ವಿದ್ಯಾರ್ಥಿನಿ

ಐದು ವರ್ಷಗಳ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನ ಲಾ ಫರ್ಮ್ ಒಂದರಲ್ಲಿ ಸಂದರ್ಶನವಿದ್ದು, ಯಾವುದಾದರೂ ಒಂದು ವಾಣಿಜ್ಯ ವಿಷಯದ ಕುರಿತು ಮಾತನಾಡಲು ಸಿದ್ಧರಾಗಿ ಬರಬೇಕೆಂದು ತಿಳಿಸಿದ್ದಾರೆ. ನಾನು ಬೋಧನಾ ಆ್ಯಪ್ ಕಂಪನಿಯಾದ ಬೈಜೂಸ್‌ನ ದಿವಾಳಿ ಪ್ರಕರಣವನ್ನು ಆರಿಸಿಕೊಂಡು, 2024ರ ಅಕ್ಟೋಬರ್ 23ರ ಸುಪ್ರೀಂ ಕೋರ್ಟ್ ತೀರ್ಪನ್ನು ಪೂರ್ತಿಯಾಗಿ ಓದಿ, ಅಂಗೀಕಾರವಾದ ದಿವಾಳಿ ಅರ್ಜಿಯನ್ನು ಹಿಂಪಡೆಯುವ ಕ್ರಮ ಹೇಳುವ, ದಿವಾಳಿ ಸಂಹಿತೆಯ 12ಎ ಕಲಮಿನ ಬಗ್ಗೆ ಟಿಪ್ಪಣಿಯನ್ನೂ ಮಾಡಿಕೊಂಡಿದ್ದೇನೆ. ಆದರೆ ಗೆಳತಿಯ ಎದುರು ಹೇಳಿ ನೋಡಿದಾಗ ಅದು ಅಣಕು ನ್ಯಾಯಾಲಯದ ವಾದದಂತಿತ್ತೇ ಹೊರತು ವ್ಯವಹಾರ ಬಲ್ಲವರ ಮಾತಿನಂತಿರಲಿಲ್ಲ. ನಮ್ಮ ಮನೆಯಲ್ಲಿ ವ್ಯಾಪಾರ ಮಾಡಿದವರಿಲ್ಲ. ಈ ಕೊರತೆಯನ್ನು ಒಂದು ತಿಂಗಳಲ್ಲಿ ಹೇಗೆ ತುಂಬಿಕೊಳ್ಳಲಿ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ದಿವಾಳಿ ಪ್ರಕರಣಗಳ ವಕೀಲ, ಬೆಂಗಳೂರು

ಆಯ್ಕೆ ಒಳ್ಳೆಯದು. ತೀರ್ಪನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಹಣದ ಜಾಡು ಹಿಡಿಯಿರಿ. ದಿವಾಳಿ ಅರ್ಜಿ ಹಾಕಿದ ಕ್ರಿಕೆಟ್ ಮಂಡಳಿಗೆ (ಬಿಸಿಸಿಐ) ಬರಬೇಕಿದ್ದದ್ದು ಜೆರ್ಸಿ ಪ್ರಾಯೋಜಕತ್ವದ ಸುಮಾರು 158 ಕೋಟಿ ರೂಪಾಯಿ. ಅಮೆರಿಕದ ಸಾಲದಾತರು ಕೊಟ್ಟಿದ್ದದ್ದು 120 ಕೋಟಿ ಡಾಲರ್. ಹೀಗಿರುವಾಗ ಚಿಕ್ಕ ಬಾಕಿಯ ಅರ್ಜಿಯೊಂದು 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯ ಕಟ್ಟಲಾಗಿದ್ದ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆದದ್ದು ಹೇಗೆ ಎಂಬಲ್ಲಿಂದ ಮಾತು ಆರಂಭಿಸಿ. ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇದ್ದರೆ ಅರ್ಜಿ ಹಾಕಬಹುದು, ಅರ್ಜಿ ಅಂಗೀಕಾರವಾದ ಕ್ಷಣದಿಂದ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗಿ ಆಡಳಿತವು ನ್ಯಾಯಮಂಡಳಿ ನೇಮಿಸುವ ಮಧ್ಯಂತರ ಪರಿಹಾರ ವೃತ್ತಿಪರರ (ತಾತ್ಕಾಲಿಕ ಆಡಳಿತಗಾರರ) ಕೈಗೆ ಹೋಗುತ್ತದೆ. 2024ರ ಜುಲೈ 16ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅರ್ಜಿಯನ್ನು ಅಂಗೀಕರಿಸಿದ ಬೆನ್ನಿಗೇ, ಆಗಸ್ಟ್ 2ರೊಳಗೆ, ಸಂಸ್ಥಾಪಕರ ಸಹೋದರನ ಹಣದಿಂದ ರಾಜಿ ಏರ್ಪಟ್ಟದ್ದೇಕೆ ಎಂಬುದು ಈ ಒಂದು ಸಂಗತಿಯಿಂದ ಅರ್ಥವಾಗುತ್ತದೆ. ಬಾಕಿ ತೀರಿಸುವುದಕ್ಕಿಂತ ಕಂಪನಿಯ ಹಿಡಿತ ಉಳಿಸಿಕೊಳ್ಳುವುದು ಅವರಿಗೆ ಮುಖ್ಯವಾಗಿತ್ತೆಂಬುದು ನನ್ನ ತಿಳಿವಳಿಕೆ.

ಈಗ ಅಮೆರಿಕದ ಸಾಲದಾತರ ಜಾಗದಲ್ಲಿ ಕುಳಿತು ನೋಡಿ. ಒಬ್ಬರಿಗೆ ಪೂರ್ತಿ ಹಣ ಸಂದಾಯವಾಗಿ ಪ್ರಕರಣ ಮುಚ್ಚಿಹೋದರೆ ತಮ್ಮ ಪಾಲಿಗೆ ಏನು ಉಳಿಯುತ್ತದೆ ಎಂಬ ಆತಂಕದಿಂದಲೇ ಅವರು ಆ ಹಣದ ಮೂಲವನ್ನು ಪ್ರಶ್ನಿಸಿದರು. ಹಿಂಪಡೆಯುವ ಅರ್ಜಿ 12ಎ ಕಲಮಿನ ದಾರಿಯಲ್ಲೇ ಬರಬೇಕಿತ್ತೆಂದು ಹೇಳಿ ಸುಪ್ರೀಂ ಕೋರ್ಟ್, ರಾಜಿಯನ್ನು ಒಪ್ಪಿದ್ದ ಮೇಲ್ಮನವಿ ನ್ಯಾಯಮಂಡಳಿಯ ಆದೇಶವನ್ನು ರದ್ದುಪಡಿಸಿ, ಹಣವನ್ನು ಸಾಲದಾತರ ಸಮಿತಿಯ ಎಸ್ಕ್ರೋ ಖಾತೆಯಲ್ಲಿ (ತೀರ್ಮಾನವಾಗುವವರೆಗೆ ಹಣವನ್ನು ಕಾಯ್ದಿಡುವ ಖಾತೆ) ಇರಿಸಲು ಸೂಚಿಸಿತು. ಈ ಹಂತಕ್ಕೆ ಬಂದಾಗ ನಿಮ್ಮ ಟಿಪ್ಪಣಿ ತಾನಾಗಿಯೇ ಉಪಯೋಗಕ್ಕೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಹಿಂಪಡೆಯುವ ನಿಯಮವನ್ನೂ ಮುಟ್ಟಿರುವುದರಿಂದ, ಅದರ ಸದ್ಯದ ಸ್ಥಿತಿಯನ್ನು ನೋಡಿಕೊಂಡೇ ಹೋಗಿ.

ಉತ್ತರ: ಕಂಪನಿಯೊಂದರ ಕಾನೂನು ವಿಭಾಗದಲ್ಲಿರುವವರು

ಮೇಲಿನ ವಕೀಲರ ಮಾತಿಗೆ ಕಕ್ಷಿದಾರರ ಕಡೆಯಿಂದ ಒಂದು ಅಂಶವನ್ನು ಸೇರಿಸುತ್ತೇನೆ. ನಾವು ಲಾ ಫರ್ಮ್‌ಗಳಿಗೆ ಶುಲ್ಕ ಕೊಡುವಾಗ ಕೇಳುವುದು ಮೂರೇ ಪ್ರಶ್ನೆ: ಎಷ್ಟು ಹಣ ಬರುತ್ತದೆ, ಯಾವಾಗ ಬರುತ್ತದೆ, ಅಲ್ಲಿಯವರೆಗೆ ನಾವೇನು ಮಾಡಬೇಕು. ಎರಡನೆಯದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ. ದಿವಾಳಿ ಪರಿಹಾರ ಪ್ರಕ್ರಿಯೆಗೆ ಕಾನೂನಿನಲ್ಲಿ ಗರಿಷ್ಠ 330 ದಿನವೆಂದಿದ್ದರೂ, 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್‌ಗೆ 2021ರ ಜೂನ್‌ನಲ್ಲಿ ಪುನಶ್ಚೇತನ ಯೋಜನೆ ಮಂಜೂರಾಗಿ, ಅದು ಜಾರಿಯಾಗದೆ, 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಮುಚ್ಚುವಂತೆ ಆದೇಶಿಸಿತು. ನಿಂತ ವಿಮಾನದ ಬೆಲೆ ದಿನದಿನಕ್ಕೆ ಇಳಿಯುತ್ತದೆ. ಕಾರ್ಖಾನೆಯೂ ಜಮೀನೂ ಇಲ್ಲದ ಬೋಧನಾ ಆ್ಯಪ್‌ನ ಕಂಪನಿಯಲ್ಲಿ ಶಿಕ್ಷಕರು ಬಿಟ್ಟುಹೋದ ಮೇಲೆ, ಪೋಷಕರ ವಿಶ್ವಾಸ ಕಳೆದ ಮೇಲೆ, ಮಾರಲು ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ನೀವೇ ಎತ್ತಿದರೆ ಸಂದರ್ಶಕರು ನಿಮ್ಮನ್ನು ಗಮನಿಸುತ್ತಾರೆ.

ಉತ್ತರ: ಎರಡು ವರ್ಷದ ಹಿಂದೆ ಸೇರಿದ ಕಿರಿಯ ವಕೀಲ

ನಾನೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಮೊದಲ ಸಂದರ್ಶನಕ್ಕೆ ಐದು ವಿಷಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಸಂದರ್ಶಕರು ಸಮಾಧಾನದಿಂದ ಕೇಳಿಸಿಕೊಂಡು, “ಸರಿ, ಈ ಕಂಪನಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರು ನಾಳೆ ಬೆಳಿಗ್ಗೆ ನಮ್ಮ ಕಚೇರಿಗೆ ಬಂದರೆ ಏನು ಹೇಳುತ್ತೀರಿ?” ಎಂದರು. ಉತ್ತರ ಹೊಳೆಯಲಿಲ್ಲ, ಕೆಲಸವೂ ಸಿಗಲಿಲ್ಲ. ಆದ್ದರಿಂದ ಒಂದೇ ಪ್ರಕರಣವನ್ನು ಕಂಪನಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರು, ಸಂಬಳ ಬಾಕಿಯಿರುವ ನೌಕರರು, ಕಂಪನಿಯ ಷೇರು ಕೊಳ್ಳಬಯಸುವವರು, ಹೀಗೆ ಬೇರೆ ಬೇರೆ ಕಕ್ಷಿದಾರರ ಕಡೆಯಿಂದ ಹೇಳಿ ಅಭ್ಯಾಸ ಮಾಡಿ. ಬಾಡಿಗೆ ಬರಬೇಕಿರುವ ಕಟ್ಟಡದ ಮಾಲೀಕರಿಗೆ, ಗಡುವಿನೊಳಗೆ ಬಾಕಿಯ ಕ್ಲೈಮ್ ಸಲ್ಲಿಸಬೇಕು, ಸಾಲದಾತರ ಸಮಿತಿಯಲ್ಲಿ ಸಾಮಾನ್ಯವಾಗಿ ಮತವಿರುವುದಿಲ್ಲ, ಹಳೆಯ ಬಾಕಿ ಪೂರ್ತಿ ಬರುವ ಭರವಸೆಯಿಲ್ಲ ಎಂದು ನಾಲ್ಕು ವಾಕ್ಯಗಳಲ್ಲಿ ಹೇಳಲು ಬಂದರೆ ಸಾಕು.

ಪ್ರಶ್ನೆ ಕೇಳಿದವರಿಂದ

ತಮಗೆಲ್ಲ ಕೃತಜ್ಞತೆಗಳು. ಟಿಪ್ಪಣಿಯನ್ನು ಕಕ್ಷಿದಾರರ ಕಡೆಯಿಂದ ಮತ್ತೆ ಬರೆಯುತ್ತಿದ್ದೇನೆ. ಒಂದು ಅಳುಕು ಉಳಿದಿದೆ: ಆ ಫರ್ಮ್ ಇದೇ ವ್ಯಾಜ್ಯದಲ್ಲಿ ಯಾರದಾದರೂ ಪರವಾಗಿದ್ದರೆ ನನ್ನ ಅಭಿಪ್ರಾಯ ಅವರಿಗೆ ಹಿಡಿಸದಿರಬಹುದಲ್ಲವೇ?

ಉತ್ತರ: ದಿವಾಳಿ ಪ್ರಕರಣಗಳ ವಕೀಲ, ಬೆಂಗಳೂರು

ಯಾವ ಕಡೆಗೆ ಯಾವ ವಕೀಲರಿದ್ದರೆಂದು ಹೋಗುವ ಮುನ್ನ ನೋಡಿಕೊಳ್ಳಿ. ಅವರೇ ಒಂದು ಕಡೆಯ ವಕೀಲರಾಗಿದ್ದರೂ ವಿಷಯವನ್ನು ಬದಲಿಸಬೇಕಾಗಿಲ್ಲ. ಪ್ರಕಟವಾದ ತೀರ್ಪನ್ನಷ್ಟೇ ಆಧರಿಸಿ ಮಾತನಾಡುತ್ತಿರುವುದಾಗಿ ಮೊದಲೇ ತಿಳಿಸಿ, ಎರಡೂ ಕಡೆಯ ಹಿತಾಸಕ್ತಿಯನ್ನು ವಿವರಿಸಿದ ಮೇಲೆ ನಿಮ್ಮ ಅಭಿಪ್ರಾಯವನ್ನು ಕಾರಣದೊಂದಿಗೆ ಹೇಳಿ. ಅವರು ವಿರುದ್ಧವಾಗಿ ವಾದಿಸಿದರೆ ಕೂಡಲೇ ಮಾತು ಬದಲಿಸಬೇಡಿ. ಅವರು ಹೊಸ ಸಂಗತಿ ಹೇಳಿದರೆ ಮಾತ್ರ ನಿಲುವನ್ನು ಮರುಪರಿಶೀಲಿಸಿ.