12 ಅಡಿ ಗೋಡೆಗೆ ಮೈಟರ್ ಸಾ ಬೆಂಚು, ಅಕ್ಕಪಕ್ಕ ಕಪಾಟು: ಅಳತೆ ಹಂಚುವುದು ಹೇಗೆ?

ಪ್ರಶ್ನೆ:
ಉಡುಪಿ ಕಡೆಯ ಶೆಡ್ಡು, ಗೋಡೆ 3660 ಮಿ.ಮೀ. ಮಷೀನು 10 ಇಂಚಿನ ಸ್ಲೈಡಿಂಗ್ ಮೈಟರ್ ಸಾ (ಮರವನ್ನು ಅಡ್ಡಕ್ಕೆ, ಓರೆಗೆ ಕತ್ತರಿಸುವ, ತಲೆ ಹಿಂದೆಮುಂದೆ ಜಾರುವ ಗರಗಸ); ಪಾದದಿಂದ ಅದರ ಮೇಜಿನವರೆಗೆ 95 ಮಿ.ಮೀ. ಬೆಂಚಿನ ಎತ್ತರ 900 ಬೇಕು, ಎಡಬಲ ಡ್ರಾಯರ್ ಕಪಾಟು. 18 ಮಿ.ಮೀ. ಪ್ಲೈವುಡ್ ಎಷ್ಟು ಶೀಟ್ ಹಿಡಿಯುತ್ತದೆ? ಎಲ್ಲವನ್ನೂ ಒಂದೇ ಚೌಕಟ್ಟಾಗಿ ಕಟ್ಟಬಹುದೇ? ಮಳೆಗಾಲದಲ್ಲಿ ನೆಲ ಬೆವರುತ್ತದೆ.

ಉತ್ತರ 1:
ಒಂದೇ ಚೌಕಟ್ಟು ಬೇಡ. ಮಷೀನು ಬದಲಾದರೆ ಅದರ ಮೇಜಿನ ಎತ್ತರವೂ ಬದಲಾಗುತ್ತದೆ, ಆಗ ಇಡೀ ಬೆಂಚು ಬಿಚ್ಚಬೇಕಾಗುತ್ತದೆ. ಮೂರು ಬಿಡಿ ಕಪಾಟು ಮಾಡಿ, ನಡುವಿನ ಹಲಗೆಯನ್ನು ಅಕ್ಕಪಕ್ಕದ ಕಪಾಟಿಗೆ ಬೋಲ್ಟ್ ಹಾಕಿದ ರೀಪಿನ ಮೇಲೆ ಕೂರಿಸಿ. ಎಡಕ್ಕೆ 850ರ ಎರಡು, ಮಷೀನಿಗೆ 850, ಬಲಕ್ಕೆ 1000ದ ಒಂದು: ಒಟ್ಟು 3550. ಉಳಿದ 110 ಗೋಡೆಯ ಸೊಟ್ಟಕ್ಕೆ ಬೇಕು. ಬ್ಲೇಡಿನಿಂದ ಎಡಕ್ಕೆ 2125 ಆಸರೆ ಸಿಗುವುದರಿಂದ 7 ಅಡಿಯ ಬಾಗಿಲ ನಿಲುವು ಹೆಚ್ಚುಕಡಿಮೆ ಪೂರ್ತಿ ಮಲಗುತ್ತದೆ.

ಎತ್ತರದ ಲೆಕ್ಕ: 900ರಲ್ಲಿ ಮೇಲ್ಹಲಗೆ 36 (ಎರಡು ಪದರ), ಕಾಲು 100 ಕಳೆದರೆ ಪಕ್ಕದ ಹಲಗೆ 764. ಆಳ 600. 8×4 ಶೀಟನ್ನು ಉದ್ದುದ್ದ ಸೀಳಿದರೆ 600ರ ಎರಡು ಪಟ್ಟಿ, ಒಂದೊಂದರಲ್ಲಿ 764ರ ಮೂರು ತುಂಡು. ಅಂದರೆ ಆರೂ ಪಕ್ಕದ ಹಲಗೆ ಒಂದೇ ಶೀಟಿನಲ್ಲಿ ಮುಗಿಯಿತು. ಮೇಲ್ಹಲಗೆಗೆ ಮೂರು ಪಟ್ಟಿ, ತಳ ಮತ್ತು ನಡು ಹಲಗೆಗೆ ಎರಡು, ಮೇಲಿನ 100 ಮಿ.ಮೀ. ಅಡ್ಡಪಟ್ಟಿಗಳಿಗೆ ಕೊನೆಯದು. ಒಟ್ಟು 4 ಶೀಟ್; ಡ್ರಾಯರ್ ಮತ್ತು ಹಿಂಬದಿ ಬೇರೆ.

ನಿಮ್ಮ ಕಡೆಗೆ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ಪ್ಲೈ) ದರ್ಜೆಗಿಂತ ಕಡಿಮೆ ತರಬೇಡಿ. ಕಪಾಟಿಗೆ ನಾಲ್ಕರಂತೆ ತಿರುಪಿನ ಪಿವಿಸಿ ಕಾಲು ಹಾಕಿ. ಪ್ಲೈ ಅಂಚು ನೆಲಕ್ಕೆ ತಾಗಿದರೆ ನೀರು ಹೀರಿ ಪದರ ಬಿಡುತ್ತದೆ, ಗೆದ್ದಲಿಗೂ ಅದೇ ದಾರಿ. ಮೇಲ್ಹಲಗೆಗೆ ಲ್ಯಾಮಿನೇಟ್ ಅಂಟಿಸುವುದಾದರೆ ಎರಡೂ ಮುಖಕ್ಕೆ. ಒಂದೇ ಮುಖಕ್ಕೆ ಅಂಟಿಸಿದರೆ ತೇವ ಇನ್ನೊಂದು ಮುಖದಿಂದಷ್ಟೇ ಒಳಹೋಗಿ ಹಲಗೆ ಬಾಗುತ್ತದೆ.

ಉತ್ತರ 2:
ಮೇಲಿನ ಲೆಕ್ಕ ಸರಿ, ಆದರೆ ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ. ಸ್ಲೈಡಿಂಗ್ ಮಷೀನಿನ ಹಳಿ ಹಿಂದಕ್ಕೆ ಚಾಚುತ್ತದೆ. ತಲೆಯನ್ನು ಪೂರ್ತಿ ಹಿಂದೆ ತಳ್ಳಿ, ಫೆನ್ಸಿನಿಂದ (ಮರವನ್ನು ಒತ್ತಿ ಹಿಡಿಯುವ ಹಿಂಬದಿ ಪಟ್ಟಿ) ಹಳಿಯ ತುದಿಯವರೆಗೆ ಅಳೆದು 30 ಮಿ.ಮೀ. ಸೇರಿಸಿ, ಗೋಡೆಯಿಂದ ಫೆನ್ಸಿಗೆ ಅಷ್ಟು ದೂರ ಇರಲೇಬೇಕು. ಹಿಂದೆ ಉಳಿಯುವ ಸಂದಿಯಲ್ಲಿ 4 ಇಂಚಿನ ಧೂಳು ಪೈಪು ಹೋಗುತ್ತದೆ. ನಡುವಿನ 850 ಸಾಕೇ ಎಂಬುದನ್ನೂ ಪ್ಲೈ ಸೀಳುವ ಮೊದಲೇ ಖಚಿತ ಮಾಡಿಕೊಳ್ಳಿ: 45 ಡಿಗ್ರಿ ಎರಡೂ ಕಡೆ ತಿರುಗಿಸಿ, ವಾಲಿಸಿ, ಮೋಟಾರು ಎಲ್ಲಿವರೆಗೆ ಬರುತ್ತದೆ ನೋಡಿ.

ನಡು ಹಲಗೆಯ ಮೇಲ್ಮೈ ಲೆಕ್ಕದಲ್ಲಿ 805 (900ರಲ್ಲಿ ಮಷೀನಿನ 95 ಕಳೆದು). ಅದನ್ನು 802ಕ್ಕೆ ಇಟ್ಟು, ಮಷೀನಿನ ಪಾದದ ಕೆಳಗೆ 1 ಮಿ.ಮೀ. ಲ್ಯಾಮಿನೇಟ್ ತುಂಡು ಕೊಟ್ಟು ಏರಿಸಿ. ಏರಿಸುವುದು ಸುಲಭ, ಇಳಿಸಲು ಹಲಗೆ ಬಿಚ್ಚಬೇಕು. 2 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯಿಂದ ಪರೀಕ್ಷಿಸಿ; ರಸಮಟ್ಟವೊಂದನ್ನೇ ನಂಬಬೇಡಿ.

ಹೆಚ್ಚಿನವರು ಎಡವುವುದು ಬೆಂಚಿನ ಫೆನ್ಸಿನಲ್ಲಿ. ಅದು ಮಷೀನಿನ ಫೆನ್ಸಿಗಿಂತ ಕೂದಲೆಳೆಯಷ್ಟು ಮುಂದೆ ಬಂದರೂ ಉದ್ದದ ಮರ ಓರೆಯಾಗಿ ನಿಂತು ಕತ್ತರಿಸಿದ ತುದಿ ಗುಣಿ (ಲಂಬಕೋನ) ತಪ್ಪುತ್ತದೆ. 2 ಮಿ.ಮೀ. ಹಿಂದಕ್ಕೆ ಇಡಿ, ಅದರ ಕೆಲಸ ಸ್ಟಾಪ್ ಬ್ಲಾಕ್ (ಒಂದೇ ಅಳತೆಗೆ ಮರದ ತುದಿ ತಡೆಯುವ ತುಂಡು) ಹಿಡಿಯುವುದು ಮಾತ್ರ. ಬುಡದಲ್ಲಿ 3×3 ಮಿ.ಮೀ. ಗಾಡಿ (ಸಣ್ಣ ತೋಡು) ತೆಗೆದರೆ ಹೊಟ್ಟು ಸಿಕ್ಕಿಕೊಂಡು ಅಳತೆ ಕೆಡುವುದಿಲ್ಲ.

ಪ್ರಶ್ನಿಸಿದವರು:
ಡ್ರಾಯರ್ ಪೆಟ್ಟಿಗೆಯ ಅಗಲ ಎಷ್ಟು ಇಡಲಿ? ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರುವ ಹಳಿ) 18 ಇಂಚಿನದು.

ಉತ್ತರ 3:
850ರ ಕಪಾಟಿನ ಒಳ ಅಗಲ 814. ಚಾನೆಲ್ ಒಂದು ಬದಿಗೆ 12.7 ತಿನ್ನುತ್ತದೆ, ಹಾಗಾಗಿ ಪೆಟ್ಟಿಗೆಯ ಹೊರ ಅಗಲ 788. ಒಂದು ಮಿ.ಮೀ. ಕಡಿಮೆಯಾದರೆ ವಾಷರ್ ಕೊಟ್ಟು ಸರಿಮಾಡಬಹುದು. ಹೆಚ್ಚಾದರೆ ಡ್ರಾಯರ್ ಬಿಗಿಯುತ್ತದೆ, ಪೆಟ್ಟಿಗೆ ಬಿಚ್ಚಲೇಬೇಕು. ಅಂಗಡಿಯ 18 ಮಿ.ಮೀ. ಪ್ಲೈ ಎಷ್ಟೋ ಸಲ 17ರ ಆಸುಪಾಸು ಇರುತ್ತದೆ, ಆದ್ದರಿಂದ 814 ಎಂದು ನಂಬದೆ ಕಪಾಟು ಜೋಡಿಸಿದ ಮೇಲೆ ಅಳೆದು ಪೆಟ್ಟಿಗೆ ಕತ್ತರಿಸಿ. ಆದರೆ ಚಾನೆಲ್ಲಿನ ಗೆರೆ ಮಾತ್ರ ಜೋಡಿಸುವ ಮೊದಲೇ, ಎಡಬಲ ಹಲಗೆಗಳನ್ನು ಪಕ್ಕಪಕ್ಕ ಮಲಗಿಸಿ ಒಟ್ಟಿಗೆ ಎಳೆಯಿರಿ. ಅಷ್ಟು ಅಗಲಕ್ಕೆ ತಳ 6 ಮಿ.ಮೀ. ಸಾಲದು, ಉಪಕರಣದ ಭಾರಕ್ಕೆ ಜೋತುಬೀಳುತ್ತದೆ, 12 ಹಾಕಿ. ಪ್ಲೈ ಅಂಚಿಗೆ 4×50 ಸ್ಕ್ರೂ ಹೊಡೆಯುವ ಮುನ್ನ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಪದರ ಸೀಳುತ್ತದೆ.